ಮೊದಲ ವಾರದ ತೀರ್ಪು

2016ರ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನು ಮಾರುಕಟ್ಟೆಗೆ ಬಂದಾಗ ವಿಮರ್ಶಕರು ಅದನ್ನು ಬಾಯ್ತುಂಬ ಹೊಗಳಿದರು. ಅಂಚಿನಲ್ಲಿ ಬಾಗಿದ ಪರದೆ, ನೀರಿಗೆ ಅಂಜದ ಮೈ, ಬರೆಯಲು ಕಡ್ಡಿ, ಒಳ್ಳೆಯ ಕ್ಯಾಮೆರಾ, ಹೀಗೆ ಹೊಗಳಲು ಕಾರಣಗಳೂ ಇದ್ದವು. ಸೆಪ್ಟೆಂಬರ್ 2ರಂದು ಕಂಪನಿ ಮಾರಿದ ಫೋನುಗಳನ್ನೆಲ್ಲ ವಾಪಸು ಕರೆಸಿಕೊಳ್ಳುವುದಾಗಿ ಹೇಳಿತು, ಬ್ಯಾಟರಿಗಳು ಹೊತ್ತಿಕೊಳ್ಳುತ್ತಿದ್ದವು. ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡ ಮೇಲೆ ಅಕ್ಟೋಬರ್‌ನಲ್ಲಿ ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿತು. ಹೊಗಳಿ ಬರೆದವರೆಲ್ಲ ಕಂಪನಿಯ ಕಡೆಯವರಾಗಿದ್ದರು ಎನ್ನಲು ಆಧಾರವೇನೂ ಇಲ್ಲ. ಅವರು ಕಂಡದ್ದನ್ನೇ ಬರೆದರು. ಆದರೆ ಕಂಡದ್ದು ಒಂದೋ ಎರಡೋ ಫೋನು, ಅದೂ ಕೆಲವೇ ದಿನ. ಕಂಪ್ಯೂಟರು, ಫೋನು, ವಿಡಿಯೊ ಗೇಮುಗಳ ವಿಮರ್ಶೆಯ ಬಗ್ಗೆ ದೂರು ಬಂದಾಗಲೆಲ್ಲ ಮಾತು ಜಾಹೀರಾತು, ಉಡುಗೊರೆ, ಪುಕ್ಕಟೆ ಪ್ರವಾಸಗಳ ಕಡೆಗೆ ಹೊರಳುತ್ತದೆ. ಆ ದೂರು ಸುಳ್ಳಲ್ಲ, ಆದರೆ ಅದಕ್ಕಿಂತ ಆಳದ ದೋಷ ಬೇರೆಡೆ ಇದೆ. ಕೊಂಡವನು ವರ್ಷಗಟ್ಟಲೆ ಬಳಸುವ ವಸ್ತುವಿನ ಮೇಲೆ ವಿಮರ್ಶಕ ಮೊದಲ ವಾರದಲ್ಲೇ ತೀರ್ಪು ಕೊಡುತ್ತಾನೆ. ಪ್ರಾಮಾಣಿಕ ವಿಮರ್ಶಕನೂ ಈ ಕ್ಯಾಲೆಂಡರಿನ ಕೈದಿ.

ಈ ಪದ್ಧತಿ ಹುಟ್ಟಿದ ಕಾಲಕ್ಕೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅಮೆರಿಕದಲ್ಲಿ 'ಬೈಟ್' ಪತ್ರಿಕೆ 1975ರಲ್ಲಿ ಶುರುವಾದಾಗ ಅದರ ಓದುಗರು ಬೆಸುಗೆ ಹಾಕಿ ತಾವೇ ಯಂತ್ರ ಕಟ್ಟುತ್ತಿದ್ದ ಹವ್ಯಾಸಿಗಳು. 1977ರಲ್ಲಿ ಆಪಲ್ 2, 1981ರಲ್ಲಿ ಐಬಿಎಂ ಪಿಸಿ, 1982ರಲ್ಲಿ ಕಮಡೋರ್ 64 ಬಂದು ಕಂಪ್ಯೂಟರು ಮನೆಯೊಳಗೆ ಕಾಲಿಟ್ಟಿತು. 1,565 ಡಾಲರಿಗೆ ಸಿಗುತ್ತಿದ್ದ ಮೊದಲ ಐಬಿಎಂ ಪಿಸಿಯಲ್ಲಿದ್ದ ಮೆಮೊರಿ 16 ಕಿಲೊಬೈಟ್. ಇಂಥ ಯಂತ್ರದಿಂದ ಮನೆಯಲ್ಲಿ ಏನು ಮಾಡಲಾದೀತು ಎಂಬುದೇ ಆಗಿನ ಪ್ರಶ್ನೆ. ಆ ಪ್ರಶ್ನೆಗೆ ಮೊದಲ ವಾರದಲ್ಲೇ ಉತ್ತರ ಸಿಗುತ್ತಿತ್ತು. ಐಬಿಎಂ 1983ರ ನವೆಂಬರ್‌ನಲ್ಲಿ ಮನೆಬಳಕೆಗೆಂದು ಪಿಸಿ ಜೂನಿಯರ್ ಘೋಷಿಸಿದಾಗ ಅದರ ಕೀಲಿಮಣೆಯನ್ನು ಮುಟ್ಟಿದವರೆಲ್ಲ ಮುಖ ಸಿಂಡರಿಸಿದರು. ಬಿಡಿಬಿಡಿಯಾಗಿ ಕೂರಿಸಿದ ಪುಟ್ಟ ಕೀಲಿಗಳಲ್ಲಿ ವೇಗವಾಗಿ ಬೆರಳಚ್ಚು ಮಾಡಲು ಆಗುತ್ತಿರಲಿಲ್ಲ. ಟೀಕೆ ಎಷ್ಟು ಬಲವಾಗಿತ್ತೆಂದರೆ 1984ರಲ್ಲಿ ಐಬಿಎಂ ಕೊಂಡವರಿಗೆಲ್ಲ ಹೊಸ ಕೀಲಿಮಣೆಯನ್ನು ಪುಕ್ಕಟೆಯಾಗಿ ಕೊಟ್ಟಿತು. ಬೆರಳಿಗೆ ಗೊತ್ತಾಗುವ ದೋಷವನ್ನು ಬೆರಳಿರುವ ಯಾರೂ ಹಿಡಿದುಕೊಡಬಹುದು. ಮೇಲಾಗಿ ಆ ಕಾಲದ ಯಂತ್ರ ಕೊಂಡ ದಿನ ಹೇಗಿತ್ತೋ ಕೆಟ್ಟುಹೋಗುವ ತನಕವೂ ಹಾಗೆಯೇ ಇರುತ್ತಿತ್ತು. ಕಂಪನಿ ದೂರದಲ್ಲಿ ಕೂತು ಅದರ ಒಳಗನ್ನು ಬದಲಿಸುವ ದಾರಿ ಇರಲಿಲ್ಲ.

ಯಂತ್ರ ಸಂಕೀರ್ಣವಾದಂತೆ ದೋಷ ಬೆರಳಿಗೆ ಸಿಗದ ಕಡೆ ಅಡಗತೊಡಗಿತು. ಇಂಟೆಲ್‌ನ ಪೆಂಟಿಯಂ ಚಿಪ್ 1993ರಲ್ಲಿ ಬಂತು. ಅದು ಕೆಲವು ಭಾಗಾಕಾರಗಳನ್ನು ತಪ್ಪು ಮಾಡುತ್ತದೆ ಎಂಬುದನ್ನು ಪತ್ತೆ ಹಚ್ಚಿ 1994ರಲ್ಲಿ ಲೋಕಕ್ಕೆ ತಿಳಿಸಿದವನು ಪತ್ರಿಕೆಯ ಪರೀಕ್ಷಕನಲ್ಲ. ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ. ಜೋಡಿ ಅವಿಭಾಜ್ಯ ಸಂಖ್ಯೆಗಳ ಕುರಿತ ಲೆಕ್ಕದಲ್ಲಿ ತಾಳೆಯಾಗದ ಅಂಕಿಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಚಿಪ್ಪಿನ ತಪ್ಪು. ಚಿಪ್ಪು ಬದಲಿಸಿಕೊಡಲು ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ನಡುವಿನ ಅವಧಿಯಲ್ಲಿ ಪೆಂಟಿಯಂ ಬಗ್ಗೆ ಬಂದ ವಿಮರ್ಶೆಗಳೆಲ್ಲ ವೇಗವನ್ನು ಅಳೆದವು, ಉತ್ತರ ಸರಿಯೋ ತಪ್ಪೋ ಎಂದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹಾಗೆ ನೋಡಬೇಕಿತ್ತು ಎಂದು ದೂರುವುದು ಅನ್ಯಾಯವೇ. ಆದರೆ ಅಳೆದದ್ದು ವೇಗವನ್ನೇ ಯಾಕೆ? ಅದು ಮೊದಲ ವಾರದಲ್ಲಿ ಅಳೆಯಲು ಬರುವ ಗುಣ, ಅದಕ್ಕೇ.

ಅಳತೆಯ ಕಥೆ ಇಡೀ ಕ್ಷೇತ್ರದ ಕಥೆಯೂ ಹೌದು. 1981ರ ಸೆಪ್ಟೆಂಬರ್ ಸಂಚಿಕೆಯಲ್ಲಿ 'ಬೈಟ್' ಒಂದು ಪುಟ್ಟ ಪ್ರೋಗ್ರಾಮನ್ನು ಪ್ರಕಟಿಸಿತು. ಎರಟೊಸ್ತನೀಸನ ಜರಡಿಯ ವಿಧಾನದಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಸೋಸುವ ಕೆಲಸಕ್ಕೆ ಯಾವ ಯಂತ್ರ, ಯಾವ ಭಾಷೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ನೋಡುವುದು ಅದರ ಉದ್ದೇಶ. ಕಂಪನಿಯ ಬಣ್ಣದ ಮಾತಿಗೆ ಎದುರಾಗಿ ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಅದು. ಬೆಂಚ್‌ಮಾರ್ಕ್ ಎಂಬ ಕಲ್ಪನೆಯಲ್ಲಿ ಇಂಥದೊಂದು ಪ್ರಜಾಸತ್ತೆಯ ಗುಣವಿತ್ತು, ಅದನ್ನು ಹೀಗಳೆಯಬಾರದು. ಆದರೆ ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ ಓದುವ ರೀತಿಯೇ ಬೇರೆ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಗ್ರಾಫಿಕ್ಸ್ ಕಾರ್ಡು 'ಕ್ವೇಕ್ 3' ಗೇಮಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಪರೀಕ್ಷಕರು ಆ ಗೇಮಿನ ಫೈಲಿನಲ್ಲಿದ್ದ 'ಕ್ವೇಕ್' ಎಂಬ ಹೆಸರನ್ನು 'ಕ್ವ್ಯಾಕ್' ಎಂದು ಬದಲಿಸಿ ಓಡಿಸಿದರೆ ವೇಗ ಇಳಿಯಿತು, ಚಿತ್ರ ಮಾತ್ರ ಇನ್ನಷ್ಟು ಸ್ಫುಟವಾಯಿತು. ಹೆಸರು ನೋಡಿದೊಡನೆ ಚಿತ್ರದ ಗುಣಮಟ್ಟ ಇಳಿಸಿ ವೇಗ ಏರಿಸುವ ಉಪಾಯ ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ, ಅಂದರೆ ಡ್ರೈವರಿನಲ್ಲಿ, ಇತ್ತು. 2003ರಲ್ಲಿ ಎನ್‌ವಿಡಿಯಾದ ಸರದಿ. '3ಡಿಮಾರ್ಕ್ 03' ಪರೀಕ್ಷೆಯಲ್ಲಿ ಕ್ಯಾಮೆರಾ ಓಡುವ ದಾರಿ ಮೊದಲೇ ನಿಗದಿಯಾಗಿದ್ದರಿಂದ, ಆ ದಾರಿಗೆ ಕಾಣದ ಭಾಗಗಳನ್ನು ಅವರ ಡ್ರೈವರು ಬಿಡಿಸುತ್ತಲೇ ಇರಲಿಲ್ಲ. ಪರೀಕ್ಷೆಯನ್ನು ರೂಪಿಸಿದ ಫ್ಯೂಚರ್‌ಮಾರ್ಕ್ ಸಂಸ್ಥೆ ಇದನ್ನು ಮೊದಲು ಮೋಸವೆಂದು ಕರೆದು, ಆಮೇಲೆ ಎನ್‌ವಿಡಿಯಾ ಜೊತೆಗೂಡಿ ಕೊಟ್ಟ ಹೇಳಿಕೆಯಲ್ಲಿ ಆ ಮಾತನ್ನು ನಯವಾಗಿ ಕೈಬಿಟ್ಟಿತು. 2013ರಲ್ಲಿ ಗ್ಯಾಲಕ್ಸಿ ಎಸ್ 4 ಫೋನು ಕೆಲವು ಬೆಂಚ್‌ಮಾರ್ಕ್ ಆ್ಯಪುಗಳನ್ನು ಗುರುತಿಸಿ ಗ್ರಾಫಿಕ್ಸ್ ಚಿಪ್ಪಿನ ಓಟವನ್ನು 480ರಿಂದ 533 ಮೆಗಾಹರ್ಟ್ಸ್‌ಗೆ ಏರಿಸುವುದನ್ನು 'ಆನಂದ್‌ಟೆಕ್' ತಾಣ ತೋರಿಸಿಕೊಟ್ಟಿತು. ಈ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆ 2019ರಲ್ಲಿ 1.34 ಕೋಟಿ ಡಾಲರ್ ಮೌಲ್ಯದ ರಾಜಿಯಲ್ಲಿ ಮುಗಿಯಿತು.

ಈ ಪ್ರಸಂಗಗಳನ್ನು ಸಾಮಾನ್ಯವಾಗಿ ಕಂಪನಿಗಳ ಕಳ್ಳತನದ ಕಥೆಗಳಾಗಿ ಹೇಳುತ್ತಾರೆ. ನನಗೆ ಅವುಗಳಲ್ಲಿ ಬೇರೊಂದು ಸಂಗತಿ ಕಾಣುತ್ತದೆ: ವಿಮರ್ಶಕ ಯಾವುದನ್ನು ಅಳೆಯುತ್ತಾನೋ ಕಂಪನಿ ಅದನ್ನೇ ತಯಾರಿಸುತ್ತದೆ. ಇದಕ್ಕೆ ಒಳ್ಳೆಯ ಮುಖವೂ ಇದೆ. ಗ್ರಾಫಿಕ್ಸ್ ಕಾರ್ಡುಗಳನ್ನು ಬಹುಕಾಲ ಸೆಕೆಂಡಿಗೆ ಸರಾಸರಿ ಎಷ್ಟು ಚಿತ್ರ ಮೂಡಿಸುತ್ತವೆ ಎಂಬ ಒಂದೇ ಅಂಕಿಯಿಂದ ಅಳೆಯುತ್ತಿದ್ದರು. ಸರಾಸರಿ 60 ಇದ್ದರೂ ಆಟ ಆಗಾಗ ಮುಗ್ಗರಿಸಬಹುದು. 59 ಚಿತ್ರ ಅರ್ಧ ಸೆಕೆಂಡಿನಲ್ಲಿ ಬಂದು 60ನೆಯದು ಉಳಿದರ್ಧವನ್ನು ನುಂಗಿದರೂ ಲೆಕ್ಕ ಅಷ್ಟೇ. 2011ರಲ್ಲಿ 'ಟೆಕ್ ರಿಪೋರ್ಟ್' ತಾಣದ ಸ್ಕಾಟ್ ವಾಸನ್ ಒಂದು ಸೆಕೆಂಡಿನ ಒಳಹೊಕ್ಕು ಪ್ರತಿಯೊಂದು ಚಿತ್ರಕ್ಕೂ ಹಿಡಿದ ಸಮಯವನ್ನು ಬೇರೆ ಬೇರೆಯಾಗಿ ಅಳೆದ. ಆ ಅಳತೆ ಹರಡಿದಂತೆ, ಒಂದೇ ಯಂತ್ರದಲ್ಲಿ ಒಟ್ಟಿಗೆ ಓಡಿಸುವ ಜೋಡಿ ಕಾರ್ಡುಗಳ ಮುಗ್ಗರಿಕೆ ಎಲ್ಲರ ಕಣ್ಣಿಗೆ ಬಿತ್ತು. 2013ರಲ್ಲಿ ಕಾರ್ಡು ತಯಾರಿಸುವ ಎಎಂಡಿ ಕಂಪನಿ ಅದನ್ನು ಸರಿಪಡಿಸುವ ಡ್ರೈವರನ್ನೇ ಹೊರತಂದಿತು. ಒಬ್ಬ ವಿಮರ್ಶಕ ಅಳತೆಗೋಲು ಬದಲಿಸಿದ್ದಕ್ಕೆ ಎಷ್ಟೋ ಜನರ ಮನೆಯ ಯಂತ್ರ ಸುಧಾರಿಸಿತು. ಹಾಗಾದರೆ ಬಾಳಿಕೆಯನ್ನು ಯಾರೂ ಅಳೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ಇದರಿಂದಲೇ ಊಹಿಸಬಹುದು. ಆಪಲ್ 2015ರಲ್ಲಿ ಲ್ಯಾಪ್‌ಟಾಪನ್ನು ಇನ್ನೂ ತೆಳ್ಳಗೆ ಮಾಡಲೆಂದು ಹೊಸ ಬಗೆಯ ಕೀಲಿಮಣೆ ತಂದಿತು. ತೆಳುವು ಮೊದಲ ದಿನವೇ ಕಾಣುವ ಗುಣ. ದೂಳು ಹೊಕ್ಕು ಕೀಲಿಗಳು ಕಚ್ಚಿಕೊಳ್ಳಲು ತಿಂಗಳುಗಳು ಬೇಕು. 2018ರಲ್ಲಿ ಕಂಪನಿ ಪುಕ್ಕಟೆ ರಿಪೇರಿ ಯೋಜನೆ ಘೋಷಿಸಿತು, 2020ರ ಹೊತ್ತಿಗೆ ಆ ವಿನ್ಯಾಸವನ್ನೇ ಬಿಟ್ಟಿತು. ನಡುವೆ ಅದೇ ಕೀಲಿಮಣೆಯ ಮಾದರಿಗಳು ವರ್ಷವರ್ಷವೂ ಒಳ್ಳೆಯ ಅಂಕ ಗಿಟ್ಟಿಸುತ್ತಲೇ ಇದ್ದವು.

ಬಾಳಿಕೆ ಬಲ್ಲವರು ಇಲ್ಲವೆಂದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಕೊಡುವ ಅಂಗಡಿಯವರ ತಿಳಿವಳಿಕೆ ಈ ಜಾತಿಯದು. ಯಾವ ಕಂಪನಿಯ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಭಾಗ) ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋಗುತ್ತದೆ, ಯಾವ ಮದರ್‌ಬೋರ್ಡು ವಾರಂಟಿಗೆ ವಾಪಸು ಬರುತ್ತದೆ ಎಂಬುದು ಇಂಥ ಅಂಗಡಿಯ ಗಲ್ಲೆಯ ಹಿಂದೆ ಕೂತವರಿಗೆ ಅನುಭವದಿಂದ ಗೊತ್ತಾಗುತ್ತದೆ, ಏಕೆಂದರೆ ಕೆಟ್ಟ ವಸ್ತು ಮರಳಿ ಬರುವುದು ಅವರ ಬಳಿಗೇ. ಆದರೆ ಆ ಜ್ಞಾನ ಬರಹಕ್ಕೆ ಇಳಿದದ್ದು ಕಡಿಮೆ, ಜೊತೆಗೆ ಯಾವ ಮಾಲು ಕೈಯಲ್ಲಿ ಉಳಿದಿದೆ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿ ಬೆರೆಯುತ್ತದೆ. ಇಂಥ ತಿಳಿವಳಿಕೆಯನ್ನೇ ಅಂಕಿಯಾಗಿ ಮಾಡಿ ಪ್ರಕಟಿಸಬಹುದು ಎಂಬುದಕ್ಕೆ ಉದಾಹರಣೆ ಬ್ಯಾಕ್‌ಬ್ಲೇಜ್. ಜನರ ಕಡತಗಳನ್ನು ಕಾಪಿಡುವ ಈ ಅಮೆರಿಕನ್ ಕಂಪನಿ ತನ್ನಲ್ಲಿ ಹಗಲಿರುಳು ತಿರುಗುವ ಸಾವಿರಾರು ಹಾರ್ಡ್ ಡಿಸ್ಕುಗಳಲ್ಲಿ ಯಾವ ಮಾದರಿ ಎಷ್ಟು ಕೆಟ್ಟಿತು ಎಂಬ ಲೆಕ್ಕವನ್ನು 2013ರಿಂದ ಪ್ರಕಟಿಸುತ್ತಿದೆ. ಸೀಗೇಟ್‌ನ 3 ಟೆರಾಬೈಟಿನ ಒಂದು ಮಾದರಿ ಉಳಿದವಕ್ಕಿಂತ ಬಹಳ ಬೇಗ ಕೈಕೊಡುತ್ತದೆ ಎಂದು ಜಗತ್ತಿಗೆ ತಿಳಿದದ್ದು ಆ ಲೆಕ್ಕದಿಂದ. ಡೇಟಾ ಸೆಂಟರಿನ ಬದುಕು ಮನೆಯ ಕಂಪ್ಯೂಟರಿನ ಬದುಕಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಒಂದೇ ಒಂದು ಡಿಸ್ಕನ್ನು ಒಂದು ಮಧ್ಯಾಹ್ನ ಓಡಿಸಿ ಬರೆದ ವಿಮರ್ಶೆಗಿಂತ ಇದು ಎಷ್ಟೋ ಮೇಲು.

ಗೇಮುಗಳ ವಿಷಯಕ್ಕೆ ಬಂದರೆ ಈ ವಾದ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಗೇಮು ಯಂತ್ರವಲ್ಲ, ಕೃತಿ. ಕಾದಂಬರಿಗೆ ಬಾಳಿಕೆಯ ಪರೀಕ್ಷೆ ಏಕೆ ಎಂಬುದು ಅವರ ಪ್ರಶ್ನೆ. ಗೇಮು ಕೃತಿಯೇ ಆಗಿದ್ದರೆ ಅದಕ್ಕೆ ಅಂಕ ಕೊಡುವ ಚಟ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು. ಜಪಾನಿನ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ತಲಾ 10ರಂತೆ 40ಕ್ಕೆ ಅಂಕ ಹಾಕುತ್ತಾರೆ. ಪೂರ್ತಿ 40 ಮೊದಲ ಬಾರಿಗೆ ಸಿಕ್ಕಿದ್ದು 1998ರ ಜೆಲ್ಡಾ ಗೇಮಿಗೆ. 2001ರಲ್ಲಿ ಬಂದ ಮೆಟಾಕ್ರಿಟಿಕ್ ಎಲ್ಲ ಪತ್ರಿಕೆಗಳ ಅಂಕಗಳನ್ನೂ ಕಲಸಿ ಒಂದು ಸಂಖ್ಯೆ ಮಾಡಿತು. 2010ರ 'ಫಾಲ್ಔಟ್: ನ್ಯೂ ವೇಗಸ್' ಗೇಮನ್ನು ರೂಪಿಸಿದ ಅಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಇನ್ನೊಂದು ಕಡೆ, 2007ರಲ್ಲಿ 'ಗೇಮ್‌ಸ್ಪಾಟ್'ನ ಜೆಫ್ ಗರ್ಸ್ಟ್‌ಮನ್ 'ಕೇನ್ ಆ್ಯಂಡ್ ಲಿಂಚ್' ಗೇಮಿಗೆ 10ಕ್ಕೆ 6 ಕೊಟ್ಟ. ಆಗ ಆ ತಾಣದ ತುಂಬ ಅದೇ ಗೇಮಿನ ಜಾಹೀರಾತು. ಅವನ ಕೆಲಸ ಹೋಯಿತು; ಜಾಹೀರಾತುದಾರರ ಒತ್ತಡದ ಹಿನ್ನೆಲೆಯನ್ನು ಅವನು ಬಹಿರಂಗವಾಗಿ ವಿವರಿಸಿದ್ದು 2012ರಲ್ಲಿ. ಅಂಕಕ್ಕೆ ಇಷ್ಟು ದುಡ್ಡಿನ ಭಾರ ಬಿದ್ದ ಮೇಲೆ ಅದು ಓದುಗನಿಗಿಂತ ಹೆಚ್ಚಾಗಿ ಉದ್ಯಮಕ್ಕೆ ಬೇಕಾದ ಸಾಮಗ್ರಿಯಾಗುತ್ತದೆ. ಮತ್ತೆ ಅಲ್ಲೂ ಆ ಅಂಕ ಮೊದಲ ವಾರದ್ದೇ.

ಇಂದಿನ ದೊಡ್ಡ ಗೇಮು ಕಾದಂಬರಿಯಂತೆ ಮುಗಿದ ಕೃತಿಯೂ ಅಲ್ಲ. 2020ರ ಡಿಸೆಂಬರ್ 10ರಂದು 'ಸೈಬರ್‌ಪಂಕ್ 2077' ಬಿಡುಗಡೆಯಾಗುವ ಮೊದಲು ವಿಮರ್ಶಕರ ಕೈಗೆ ಬಂದದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ತಾವೇ ಚಿತ್ರೀಕರಿಸಿದ ಆಟದ ದೃಶ್ಯಗಳನ್ನು ತೋರಿಸಲೂ ಅನುಮತಿ ಇರಲಿಲ್ಲ. ಬಿಡುಗಡೆಗೆ ಮುಂಚೆಯೇ ಒಳ್ಳೆಯ ಅಂಕಗಳು ಪ್ರಕಟವಾದವು. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಡಲು ಕೂತವರಿಗೆ ಸಿಕ್ಕಿದ್ದು ನಡುನಡುವೆ ನಿಂತುಹೋಗುವ, ಒಡೆದು ಚೂರಾದ ಆಟ. ಡಿಸೆಂಬರ್ 18ರಂದು ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಆರು ತಿಂಗಳ ಮೇಲೆ ಅದು ಮರಳಿತು, ವರ್ಷಗಳ ದುರಸ್ತಿಯ ನಂತರ ನಿಜಕ್ಕೂ ಒಳ್ಳೆಯ ಆಟವಾಯಿತು. ಈಗ ಕೊಳ್ಳುವವನಿಗೆ 2020ರ ಹೊಗಳಿಕೆಯೂ ಬೇಡ, 2020ರ ಬೈಗುಳವೂ ಬೇಡ. ಎರಡೂ ಈಗ ಇಲ್ಲದ ವಸ್ತುವಿನ ಬಗೆಗಿನ ಮಾತು. ಇದರ ತಿರುವುಮುರುವು 'ದಿ ಕ್ರೂ'. ಯುಬಿಸಾಫ್ಟ್ 2014ರಲ್ಲಿ ತಂದ ಈ ಕಾರ್ ಓಟದ ಗೇಮನ್ನು ಒಬ್ಬನೇ ಆಡಿದರೂ ಇಂಟರ್‌ನೆಟ್ ಸಂಪರ್ಕ ಇರಲೇಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರುಗಳನ್ನು ನಿಲ್ಲಿಸಿತು, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಖಾಲಿ ಡಿಸ್ಕ್ ಉಳಿಯಿತು. 2014ರ ವಿಮರ್ಶೆ ರಸ್ತೆಗಳ ಅಂದವನ್ನು ಬಣ್ಣಿಸುವಾಗ 'ಇದು ಸರ್ವರಿಗೆ ಕಟ್ಟಿಬಿದ್ದ ವಸ್ತು, ಎಷ್ಟು ವರ್ಷ ನಡೆಸುತ್ತೇವೆಂದು ಕಂಪನಿ ಮಾತು ಕೊಟ್ಟಿಲ್ಲ' ಎಂಬ ಒಂದು ವಾಕ್ಯವನ್ನು ಸೇರಿಸಬಹುದಿತ್ತು. ಅದಕ್ಕೆ ಭವಿಷ್ಯ ತಿಳಿದಿರಬೇಕಾಗಿರಲಿಲ್ಲ. ಕಥೆ, ಕಲೆ, ಸಂಗೀತದ ರುಚಿಯ ಮಾತು ಬೇರೆ. ಅಲ್ಲಿ ವಿಮರ್ಶಕನ ಮೊದಲ ಅನುಭವಕ್ಕೇ ಬೆಲೆ. ಆದರೆ ಕೊಂಡದ್ದು ಎಷ್ಟು ಕಾಲ ಕೊಂಡವನದಾಗಿರುತ್ತದೆ ಎಂಬುದು ರುಚಿಯ ಪ್ರಶ್ನೆಯಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದು: ಓದುಗನಿಗೆ ವಿಮರ್ಶೆ ಬೇಕಾಗಿರುವುದು ಕೊಳ್ಳುವ ಹೊತ್ತಿಗೆ. ಮೂರು ವರ್ಷ ಬಳಸಿ ಬರೆದರೆ ಆ ಮಾದರಿಯೇ ಅಂಗಡಿಯಲ್ಲಿ ಇರುವುದಿಲ್ಲ. ಇದನ್ನು ಒಪ್ಪಲೇಬೇಕು. ಮೊದಲ ವಾರದ ಪರೀಕ್ಷೆ ಕೆಲವೊಮ್ಮೆ ಅದ್ಭುತ ಕೆಲಸ ಮಾಡಿದೆ ಎಂಬುದನ್ನೂ ಒಪ್ಪಬೇಕು. 2000ದಲ್ಲಿ ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ತಂದಾಗ ಥಾಮಸ್ ಪಾಬ್ಸ್ಟ್ ಎಂಬ ವಿಮರ್ಶಕನಿಗೆ ಅದರ ಮೇಲೆ ಲಿನಕ್ಸ್ ಕರ್ನಲ್ಲನ್ನು ಕಂಪೈಲ್ ಮಾಡಲೂ ಆಗಲಿಲ್ಲ. ಅವನೂ ಅವನಂಥ ಒಂದಿಬ್ಬರೂ ಪಟ್ಟು ಹಿಡಿದದ್ದರಿಂದ ಕೆಲವೇ ವಾರಗಳಲ್ಲಿ ಚಿಪ್ಪನ್ನು ಹಿಂದಕ್ಕೆ ಪಡೆಯಲಾಯಿತು. ಆದರೆ ಕಂಪನಿಗಳು ಆಕಾಶದಿಂದ ಉದುರುವುದಿಲ್ಲ, ಅವುಗಳಿಗೆ ಚರಿತ್ರೆ ಇದೆ. ಈ ವರ್ಷದ ಲ್ಯಾಪ್‌ಟಾಪ್ ಹೊಸದಿರಬಹುದು, ಅದರ ಹಿಂಜಿನ ವಿನ್ಯಾಸ, ಬ್ಯಾಟರಿ ಬದಲಿಸುವ ರೀತಿ, ಬಿಡಿಭಾಗ ಸಿಗುವ ಕಾಲಾವಧಿ, ಹಿಂದಿನ ಮಾದರಿಗೆ ಎಷ್ಟು ವರ್ಷ ಅಪ್‌ಡೇಟ್ ಬಂತು ಎಂಬ ದಾಖಲೆ ಹಳೆಯದು. ಇಂಥ ದಾಖಲೆ ಇಡುವುದು ಅಸಾಧ್ಯವೇನಲ್ಲ. 1936ರಲ್ಲಿ ಶುರುವಾದ ಅಮೆರಿಕದ ಬಳಕೆದಾರರ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್' ಜಾಹೀರಾತು ತೆಗೆದುಕೊಳ್ಳುವುದಿಲ್ಲ, ವಸ್ತುಗಳನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತದೆ, ಸದಸ್ಯರು ಬಳಸುತ್ತಿರುವ ವಸ್ತುಗಳು ಎಷ್ಟು ಸಲ ಕೆಟ್ಟವು ಎಂದು ಕೇಳಿ ಲೆಕ್ಕ ಹಾಕುತ್ತದೆ. ಅದರ ಪರೀಕ್ಷೆಯೂ ಎಡವಿದ್ದುಂಟು. 2016ರ ಕೊನೆಯಲ್ಲಿ ಮ್ಯಾಕ್‌ಬುಕ್ ಪ್ರೊ ಬ್ಯಾಟರಿ ಒಮ್ಮೆ 16 ಗಂಟೆ, ಮತ್ತೊಮ್ಮೆ 4 ಗಂಟೆಗೂ ಕಡಿಮೆ ಬಂತೆಂದು ಶಿಫಾರಸು ನಿರಾಕರಿಸಿತು. ಸಾಮಾನ್ಯ ಬಳಕೆದಾರರು ಮುಟ್ಟದ ಒಂದು ಸೆಟ್ಟಿಂಗ್‌ನಿಂದ ಬ್ರೌಸರಿನ ದೋಷ ಹೊರಬಿದ್ದದ್ದೇ ಕಾರಣವೆಂದು ತಿಳಿದು, ಆಪಲ್ ಅದನ್ನು ಸರಿಪಡಿಸಿದ ಮೇಲೆ ಮತ್ತೆ ಪರೀಕ್ಷಿಸಿ ಶಿಫಾರಸು ಮಾಡಿತು. ತೀರ್ಪನ್ನು ಬದಲಿಸುವುದು ಅದಕ್ಕೆ ಅವಮಾನ ಎನಿಸಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಹೆಚ್ಚಿನ ಕಡೆ ಹಳೆಯ ಅಂಕ ಕಲ್ಲಿನ ಮೇಲಿನ ಶಾಸನದಂತೆ ಹಾಗೆಯೇ ಉಳಿಯುತ್ತದೆ.

ಬಾಳಿಕೆಯ ಮಾತನ್ನು ಅಂಗಡಿ ತಾಣಗಳಲ್ಲಿ ಬಳಕೆದಾರರೇ ಹೇಳುತ್ತಾರಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಅಲ್ಲಿಯೂ ನಕ್ಷತ್ರಗಳು ಬೀಳುವುದು ಹೆಚ್ಚಾಗಿ ಪಾರ್ಸೆಲ್ ಬಿಚ್ಚಿದ ಸಂಭ್ರಮದಲ್ಲಿ, ಇಲ್ಲವೇ ಅದು ತಲುಪದ ಸಿಟ್ಟಿನಲ್ಲಿ. ದುಡ್ಡಿಗೆ ಬರೆಸಿದವು ಬೇರೆ. ನಮ್ಮ ದೇಶದಲ್ಲಿ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನಕ ಬಂತು, 2023ರ ಜನವರಿಯಲ್ಲಿ ಪ್ರಭಾವಿಗಳು ಉಡುಗೊರೆ, ಹಣ ಪಡೆದದ್ದನ್ನು ಹೇಳಿಕೊಳ್ಳಬೇಕೆಂಬ ಮಾರ್ಗಸೂಚಿಯೂ ಬಂತು. ಒಳ್ಳೆಯದೇ. ಆದರೆ ಇವು ವಿಮರ್ಶಕನ ಜೇಬನ್ನು ನೋಡುತ್ತವೆ, ಅವನ ಗಡಿಯಾರವನ್ನಲ್ಲ.

ಕಾಲದಂತೆ ಊರೂ ತಪ್ಪಿಹೋಗುತ್ತದೆ. ಕ್ಯಾಲಿಫೋರ್ನಿಯಾದ ತಣ್ಣನೆಯ ಕೋಣೆಯಲ್ಲಿ ಅಳೆದ ಫೋನಿನ ಬಿಸಿ ಏಪ್ರಿಲ್‌ನ ರಾಯಚೂರಿಗೆ ಅನ್ವಯಿಸುವುದಿಲ್ಲ. ಆಂಡ್ರಾಯ್ಡ್ ಫೋನುಗಳು ಬಂದ ಮೊದಲ ವರ್ಷಗಳಲ್ಲಿ ಅವುಗಳಲ್ಲಿ ಕನ್ನಡ ಓದಲು ಹೋದವರಿಗೆ ಚೌಕಗಳು, ಬೇರ್ಪಟ್ಟ ಒತ್ತಕ್ಷರಗಳು ಎದುರಾಗುತ್ತಿದ್ದವು. ಇಂಗ್ಲಿಷ್ ವಿಮರ್ಶೆಯಲ್ಲಿ ಅದೇ ಫೋನಿಗೆ ಪರದೆಯ ವಿಭಾಗದಲ್ಲಿ ಪೂರ್ಣ ಅಂಕ! ಯು.ಬಿ. ಪವನಜ ಅವರು 'ಪ್ರಜಾವಾಣಿ'ಯ ಗ್ಯಾಜೆಟ್ ಲೋಕ ಅಂಕಣದಲ್ಲಿ ಫೋನುಗಳನ್ನು ಪರಿಚಯಿಸುವಾಗ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದನ್ನೂ ಹೇಳುತ್ತಿದ್ದರು. ಚಿಕ್ಕ ಸೇರ್ಪಡೆ ಎನಿಸಬಹುದು, ಆದರೆ ಬೇರೆಲ್ಲೂ ಸಿಗದ ಅಳತೆ ಅದು.

ಈಗ ಅಳತೆ ಬೇರೆ ಕಡೆಯಿಂದ ಬರುತ್ತಿದೆ. ಐಫಿಕ್ಸಿಟ್ ಸಂಸ್ಥೆ ಯಂತ್ರಗಳನ್ನು ಬಿಚ್ಚಿ ರಿಪೇರಿಗೆ ಎಷ್ಟು ಸುಲಭವೆಂದು ಅಂಕ ಹಾಕುವುದನ್ನು ರೂಢಿಸಿತು. ಫ್ರಾನ್ಸ್ 2021ರಿಂದ ಫೋನು, ಲ್ಯಾಪ್‌ಟಾಪುಗಳಿಗೆ ಅಂಥ ಸೂಚ್ಯಂಕವನ್ನು ಕಡ್ಡಾಯ ಮಾಡಿತು. 2025ರ ಜೂನ್ 20ರಿಂದ ಯುರೋಪಿನ ಒಕ್ಕೂಟದಲ್ಲಿ ಮಾರುವ ಹೊಸ ಫೋನುಗಳ ಬ್ಯಾಟರಿ 800 ಬಾರಿ ಚಾರ್ಜು ಮಾಡಿದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಪತ್ರಿಕೆಗಳು ಮಾಡಬಹುದಾಗಿದ್ದ ಕೆಲಸವನ್ನು ಸರ್ಕಾರಗಳು ಮಾಡುತ್ತಿವೆ ಎಂಬುದು ವಿಮರ್ಶಕರಿಗೆ ಹೆಮ್ಮೆ ತರುವ ಸಂಗತಿಯೇನಲ್ಲ. ಕಂಪನಿಗಳ ಮಾತಿನ ಧಾಟಿಯೂ ಬದಲಾಗಿದೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಪಿಕ್ಸೆಲ್ 8 ಫೋನಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿತು, ಸ್ಯಾಮ್‌ಸಂಗ್ ಕೆಲವೇ ತಿಂಗಳಲ್ಲಿ ಗ್ಯಾಲಕ್ಸಿ ಎಸ್ 24ಕ್ಕೆ ಅದೇ ಮಾತು ಕೊಟ್ಟಿತು. ವಿಮರ್ಶೆಗಳು ಇದನ್ನು ಆ ಫೋನುಗಳ ಗುಣಗಳ ಪಟ್ಟಿಗೆ ಸೇರಿಸಿ ಆಗಲೇ ಅಂಕ ಕೊಟ್ಟಿವೆ. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಏನಾಯಿತೆಂದು ನೋಡಿ. 2017ರ ಆರಂಭದಲ್ಲಿ ಕೊಂಡ ಒಳ್ಳೆಯ ಡೆಸ್ಕ್‌ಟಾಪ್ ಕೆಡದೆ ಓಡುತ್ತಿದ್ದರೂ ಅದರ ಪ್ರೊಸೆಸರು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪಿಕ್ಸೆಲ್ 8ಕ್ಕೆ ಕೊಟ್ಟ ಮಾತಿನ ಗಡುವು 2030ರ ಅಕ್ಟೋಬರ್. ಏಳನೆಯ ವರ್ಷದ ಅಪ್‌ಡೇಟ್ ಹಾಕಿಕೊಂಡ ಮೇಲೂ ಆ ಫೋನು ತಡವರಿಸದೆ ಓಡುತ್ತದೆಯೇ, ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ ಅದಕ್ಕೆ ಅಸಲಿ ಬ್ಯಾಟರಿ ಸಿಗುತ್ತದೆಯೇ, ಸಿಕ್ಕರೆ ಎಷ್ಟು ರೂಪಾಯಿಗೆ ಎಂದು ಆಗ ಪರೀಕ್ಷಿಸಿ ಬರೆಯಲು ಯಾವ ಸಂಪಾದಕರೂ ಈಗಲೇ ಒಂದು ಫೋನನ್ನು ಕೊಂಡು ದಿನಬಳಕೆಗೆ ಹಾಕಿಡಬಹುದು. ಖರ್ಚು ಒಂದು ಬಿಡುಗಡೆ ಸಮಾರಂಭಕ್ಕೆ ವರದಿಗಾರರನ್ನು ವಿಮಾನದಲ್ಲಿ ಕಳಿಸುವುದಕ್ಕಿಂತ ಹೆಚ್ಚೇನೂ ಆಗದು.